ದೋಣಿಗಳು ಹೆಚ್ಚಿದರೆ ಬಾಗಿಲು ಮುಚ್ಚಬೇಕೆ?

ಕೊಳದ ದಡದಲ್ಲಿ ನಿಂತು, ರೇಡಿಯೋ ಸಂಕೇತಗಳಿಂದ ಪುಟ್ಟ ಹಾಯಿದೋಣಿಗಳನ್ನು ನಡೆಸಿ ಪಂದ್ಯವಾಡುವ ಹವ್ಯಾಸ ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಬೇರೂರಿದೆ. ಇದನ್ನು ಬರಿಯ ಮಕ್ಕಳಾಟವೆಂದು ಭಾವಿಸಲಾಗದು. ಅಂತರರಾಷ್ಟ್ರೀಯ ಒಂದು ಮೀಟರ್ ವರ್ಗದ ದೋಣಿಗಳ ಒಡಲಿಗೂ ಹಾಯಿಗೂ ಕಟ್ಟುನಿಟ್ಟಾದ ಅಳತೆಗಳುಂಟು. ದೋಣಿಯನ್ನು ಮುನ್ನಡೆಸಲು ಗಾಳಿಯೊಂದೇ ಬಲ. ಚುಕ್ಕಾಣಿಯನ್ನು ತಿರುಗಿಸುವುದು, ಹಾಯಿಯ ಹಗ್ಗವನ್ನು ಬಿಗಿಯುವುದು ಇಲ್ಲವೆ ಸಡಿಲಿಸುವುದು, ಇಷ್ಟೇ ಸ್ಪರ್ಧಿಯ ಕೈಯಲ್ಲಿರುವುದು. ಇಂತಹ ಪಂದ್ಯಕ್ಕೆ ಬರುವವರು ಹೆಚ್ಚಿದಾಗ ವ್ಯವಸ್ಥಾಪಕರು ಮಾಡಬೇಕಾದುದೇನು?

ರೇಡಿಯೋ ಬಳಕೆಗೆ ಬರುವ ಮುನ್ನ, ನೀರಿಗೆ ಬಿಟ್ಟ ದೋಣಿ ತನ್ನಷ್ಟಕ್ಕೆ ತಾನೇ ಸಾಗಬೇಕಾಗಿದ್ದಿತು. ಆಗ ಎರಡೆರಡೇ ದೋಣಿಗಳು ಜೊತೆಯಾಗಿ ಓಡುತ್ತಿದ್ದುವು. ಗಾಳಿಗೆ ಎದುರಾಗಿ ಸಾಗಿ ಗೆದ್ದರೆ 3 ಅಂಕ, ಗಾಳಿಯೊಡನೆ ಸಾಗಿ ಗೆದ್ದರೆ 2 ಅಂಕ. ಪ್ರತಿಯೊಂದು ದೋಣಿಯೂ ಉಳಿದೆಲ್ಲವನ್ನೂ ಎದುರಿಸಬೇಕಾದರೆ, 12 ದೋಣಿಗಳಿಗೆ 66 ಜೋಡಿಗಳಾಗುತ್ತವೆ. 24 ದೋಣಿಗಳಿಗೆ 276. ದೋಣಿಗಳು ಎರಡರಷ್ಟಾದರೆ ಕೆಲಸ ನಾಲ್ಕರಷ್ಟನ್ನೂ ಮೀರುತ್ತದೆ!

ರೇಡಿಯೋ ಬಂದ ಮೇಲೆ ಅನೇಕ ದೋಣಿಗಳು ಒಮ್ಮೆಗೇ ಓಡತೊಡಗಿದುವು. ಆದರೆ ಒಂದೇ ಕಂಪನಾಂಕದ ಎರಡು ಯಂತ್ರಗಳು ಏಕಕಾಲದಲ್ಲಿ ನಡೆದರೆ ಸಂಕೇತಗಳು ಗೊಂದಲಗೊಳ್ಳುತ್ತಿದ್ದುವು. ಈ ಶತಮಾನದ ಮೊದಲ ದಶಕದಲ್ಲಿ 2.4 ಗಿಗಾಹರ್ಟ್ಸ್ ಯಂತ್ರಗಳು ಬಂದು ಆ ತೊಡಕನ್ನು ನೀಗಿದುವು. ಈಗ ತಡೆಯಾಗಿ ಉಳಿದಿರುವುವು ಗಾಳಿ, ನೀರು ಮತ್ತು ಮಾನವನ ಕಣ್ಣು. ಮುಂದಿನ ದೋಣಿಯ ಹಾಯಿ ಹಿಂದಿನದರ ಗಾಳಿಯನ್ನು ಕೆಡಿಸುತ್ತದೆ. ಆರಂಭದ ಗೆರೆಯ ಬಳಿ ದೋಣಿಗಳು ಕಿಕ್ಕಿರಿಯುತ್ತವೆ. ಯಾವ ದೋಣಿ ಯಾವುದನ್ನು ತಾಗಿತೆಂದು ದೂರದ ದಡದಿಂದ ತಿಳಿಯುವುದು ದುಸ್ತರ.

“ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು; ಮೊದಲು ಬಂದ ಇಪ್ಪತ್ತು ಮಂದಿ ಸಾಕು” ಎನ್ನುವವರುಂಟು. ನಾವು ಇದನ್ನು ಒಪ್ಪಲಾರೆವು. ಮಿತಿಯಿರಬೇಕಾದುದು ಒಂದು ಓಟದಲ್ಲಿರುವ ದೋಣಿಗಳಿಗೇ ಹೊರತು, ಪಂದ್ಯಕ್ಕೆ ಬರುವ ಜನರಿಗಲ್ಲ. ಸೋತವರನ್ನು ಒಡನೆಯೇ ಮನೆಗೆ ಕಳುಹಿಸುವ ಕ್ರಮವೂ ಸಲ್ಲದು. ಕಲಿಯಬೇಕಾದವನಿಗೇ ಅದು ಅತ್ಯಂತ ಕಡಿಮೆ ಅವಕಾಶವನ್ನೀಯುತ್ತದೆ.

ಇದಕ್ಕೊಂದು ಉತ್ತಮ ಪರಿಹಾರ ಈಗಾಗಲೇ ರೂಢಿಯಲ್ಲಿದೆ. 52 ದೋಣಿಗಳು ಬಂದಿವೆಯೆನ್ನೋಣ. ಮೊದಲು ಎಲ್ಲವನ್ನೂ ಗುಂಪುಗಳಲ್ಲಿ ಒಮ್ಮೆ ಓಡಿಸಿ, ಬಂದ ಸ್ಥಾನಗಳನ್ನನುಸರಿಸಿ ಮೇಲಿನ ಮತ್ತು ನಡುವಿನ ಗುಂಪುಗಳಿಗೆ 16 ರಂತೆ, ಕೆಳಗಿನದಕ್ಕೆ 20 ದೋಣಿಗಳನ್ನು ಹಂಚುತ್ತಾರೆ. ಅನಂತರ ಪ್ರತಿ ಸುತ್ತಿನಲ್ಲಿಯೂ ಕೆಳಗಿನ ಗುಂಪೇ ಮೊದಲು ಓಡುತ್ತದೆ. ಅದರಲ್ಲಿ ಮುಂದೆ ಬಂದ ನಾಲ್ಕು ದೋಣಿಗಳು ಒಡನೆಯೇ ನಡುವಿನ ಗುಂಪನ್ನು ಸೇರಿ ಓಡುತ್ತವೆ. ಅಲ್ಲಿಯ ಮೊದಲ ನಾಲ್ಕು ಮೇಲಿನ ಗುಂಪಿಗೆ ಏರುತ್ತವೆ. ಮೇಲಿನ ಎರಡು ಗುಂಪುಗಳ ಕೊನೆಯ ನಾಲ್ಕು ನಾಲ್ಕು ದೋಣಿಗಳು ಮುಂದಿನ ಸುತ್ತಿಗೆ ಒಂದೊಂದು ಮೆಟ್ಟಿಲು ಇಳಿಯುತ್ತವೆ. ಹೀಗಾಗಿ ಯಾವ ಓಟದಲ್ಲಿಯೂ 20 ಕ್ಕಿಂತ ಹೆಚ್ಚು ದೋಣಿಗಳಿರುವುದಿಲ್ಲ. ಆದರೂ ಕಟ್ಟಕಡೆಯ ಗುಂಪಿನಲ್ಲಿರುವವನು ಒಂದೇ ಸುತ್ತಿನಲ್ಲಿ ಅಗ್ರಗಣ್ಯರ ಪಕ್ಕದಲ್ಲಿ ದೋಣಿ ನಡೆಸಬಹುದು!

ಈ ಕ್ರಮದಲ್ಲಿ ಕೊರತೆಯಿಲ್ಲವೆಂದಲ್ಲ. ಒಂದು ಸುತ್ತಿಗೆ ಮೂರು ಓಟಗಳು ಬೇಕಾಗುವುದರಿಂದ ದಿನಕ್ಕೆ ದೊರೆಯುವ ಸುತ್ತುಗಳು ಕಡಿಮೆ. ನಿಪುಣರು ಬಹಳ ಹೊತ್ತು ದಡದಲ್ಲಿ ಕಾಯಬೇಕು. ಆದರೆ ಆ ಬಿಡುವೂ ವ್ಯರ್ಥವಲ್ಲ. ಓಡದಿರುವ ಸ್ಪರ್ಧಿಗಳೇ ಸರದಿಯಂತೆ ವೀಕ್ಷಕರಾಗಿ ನಿಂತರೆ ತಪ್ಪುಗಳನ್ನು ಗುರುತಿಸುವ ಕಣ್ಣುಗಳು ಹೆಚ್ಚುತ್ತವೆ. ನಿಯಮವನ್ನು ಪರರಿಗೆ ಅನ್ವಯಿಸಿ ನೋಡಿದವನು ತಾನೂ ಅದನ್ನು ಚೆನ್ನಾಗಿ ಅರಿಯುತ್ತಾನೆ. ಈ ಸರದಿಯನ್ನು ಎಲ್ಲ ಪಂದ್ಯಗಳಲ್ಲಿಯೂ ಕಡ್ಡಾಯ ಮಾಡುವುದು ಲೇಸೆಂದು ನಮ್ಮ ಅಭಿಪ್ರಾಯ.

ಇಂದು ಹೊಸಬನಿಗೆ ಬಾಗಿಲು ಮುಚ್ಚಿದ ಆಟಕ್ಕೆ ನಾಳೆ ಆಟಗಾರರು ಎಲ್ಲಿಂದ ಬಂದಾರು? ಜನ ಹೆಚ್ಚುವುದು ಯಾವ ಹವ್ಯಾಸಕ್ಕೂ ಪೀಡೆಯಲ್ಲ, ಭಾಗ್ಯ. ಆ ಭಾಗ್ಯವನ್ನು ಅಚ್ಚುಕಟ್ಟಾಗಿ ಅಣಿಗೊಳಿಸುವುದೇ ವ್ಯವಸ್ಥಾಪಕರ ಕರ್ತವ್ಯ. ಅದಕ್ಕೆ ಬೇಕಾದುದು ದೊಡ್ಡ ಕೊಳವಲ್ಲ. ಒಂದಿಷ್ಟು ಲೆಕ್ಕಾಚಾರ, ಒಂದಿಷ್ಟು ತಾಳ್ಮೆ.