ಉರಿಯುವ ಮಂಜುಗಡ್ಡೆಯ ಆಮಿಷ

ಕೃಷ್ಣಾ–ಗೋದಾವರಿ ನದಿಗಳು ಬಂಗಾಳ ಕೊಲ್ಲಿಯನ್ನು ಸೇರುವೆಡೆ, ಕಡಲ ತಳದ ಕೆಸರಿನಲ್ಲಿ ಮೀಥೇನ್ ಹೈಡ್ರೇಟಿನ ದೊಡ್ಡ ನಿಕ್ಷೇಪವಿರುವುದು 2006ರ ಸಂಶೋಧನಾ ಯಾನದಲ್ಲಿ ದೃಢಪಟ್ಟಿತು. 2015ರಲ್ಲಿ ಜಪಾನಿನ ಚಿಕ್ಯು ಹಡಗು ಅಲ್ಲಿ ಮತ್ತೆ ಕೊರೆಯಿತು. ನೀರಿನ ಹರಳುಗಳ ಪಂಜರದೊಳಗೆ ಅನಿಲ ಸೆರೆಯಾಗಿರುವ ಈ ವಸ್ತು ನೋಡಲು ಮಂಜುಗಡ್ಡೆ. ಕಡ್ಡಿ ಗೀರಿದರೆ ಉರಿಯುತ್ತದೆ. ಒಂದು ಘನ ಮೀಟರ್ ಹೈಡ್ರೇಟಿನಿಂದ ಸುಮಾರು 160 ಘನ ಮೀಟರ್ ಅನಿಲ ದೊರೆಯುತ್ತದೆ. ತೈಲ, ಅನಿಲಗಳಿಗೆ ಪರದೇಶಗಳ ಮುಂದೆ ಕೈಯೊಡ್ಡುವ ನಮಗೆ ಇದು ಆಮಿಷವಾದರೆ ಅಚ್ಚರಿಯೇನಿಲ್ಲ.

ಆದರೆ ಇದನ್ನು ಮೇಲೆತ್ತುವುದು ಮಾಮೂಲಿ ಅನಿಲ ಬಾವಿಯಷ್ಟು ಸರಳವಲ್ಲ. ಹೈಡ್ರೇಟ್ ಗಟ್ಟಿಯಾಗಿ ನಿಂತಿರುವುದೇ ಆಳದ ಒತ್ತಡ ಹಾಗೂ ಶೈತ್ಯದಿಂದ. ಬಾವಿಯ ನೀರನ್ನು ಹೊರಹಾಕಿ ಒತ್ತಡ ತಗ್ಗಿಸಿದರೆ ಅದು ಒಡೆದು ಅನಿಲ ಹೊರಬರುತ್ತದೆ. ಮರಳಿನ ಕಣಗಳನ್ನು ಗಾರೆಯಂತೆ ಹಿಡಿದಿಟ್ಟಿರುವುದು ಅದೇ ಆಗಿದ್ದಲ್ಲಿ, ತಳ ಸಡಿಲಗೊಳ್ಳದೆ ಇದ್ದೀತೆ? 2013ರಲ್ಲಿ ಜಪಾನ್ ತನ್ನ ನಾನ್‌ಕಾಯ್ ಕಂದಕದಲ್ಲಿ ನಡೆಸಿದ ಪ್ರಯೋಗ, ಬಾವಿಗೆ ಮರಳು ನುಗ್ಗಿ ಆರೇ ದಿನಗಳಲ್ಲಿ ನಿಂತಿತು. ಚೀನಾ 2020ರಲ್ಲಿ ಒಂದು ತಿಂಗಳು ಸತತವಾಗಿ ಅನಿಲ ತೆಗೆದು ತೋರಿಸಿದ್ದು ನಿಜ. ತಿಂಗಳ ಪ್ರಯೋಗ ದಶಕಗಳ ಗಣಿಗಾರಿಕೆಗೆ ಸಾಕ್ಷಿಯಾಗದು.

ಇದನ್ನು 'ಮೀಥೇನ್ ಬಾಂಬ್' ಎಂದು ಬಣ್ಣಿಸುವವರೂ ಇದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಸಾವಿರ ಮೀಟರ್ ಆಳದಲ್ಲಿ ಸೋರಿದ ಮೀಥೇನಿನ ಬಹುಪಾಲು ನೀರಿನಲ್ಲೇ ಕರಗಿ ಸೂಕ್ಷ್ಮಜೀವಿಗಳ ಪಾಲಾಗುತ್ತದೆ. ಅದರ ಬೆಲೆ ತೆರುವುದು ಕಡಲು: ಈ ಕ್ರಿಯೆಯಲ್ಲಿ ನೀರಿನ ಆಮ್ಲಜನಕ ಕುಂದಿ, ಆಮ್ಲೀಯತೆ ಏರುತ್ತದೆ. ಬಂಗಾಳ ಕೊಲ್ಲಿಯ ನಡು ಆಳದಲ್ಲಂತೂ ಆಮ್ಲಜನಕಕ್ಕೆ ಮೊದಲೇ ಬರ. ವಾಯುಗುಣದ ದೃಷ್ಟಿಯಿಂದ ನನಗಿರುವ ಅಂಜಿಕೆ ಬೇರೆ. ಕೊಳವೆ, ಕವಾಟ, ಸಂಸ್ಕರಣಾ ಘಟಕಗಳಿಂದ ನೇರವಾಗಿ ಗಾಳಿಗೆ ಸೋರುವ ಮೀಥೇನ್, 20 ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ತಾಪ ತರುತ್ತದೆ. ನೂರರಲ್ಲಿ ಕೆಲವೇ ಪಾಲು ಸೋರಿದರೂ, ಕಲ್ಲಿದ್ದಲಿಗಿಂತ ಇದು ಶುದ್ಧವೆಂಬ ವಾದ ಬಿದ್ದುಹೋಗುತ್ತದೆ. ಮೀಥೇನ್ ತಗ್ಗಿಸುವ 2021ರ ಗ್ಲಾಸ್ಗೋ ಪ್ರತಿಜ್ಞೆಗೆ ಭಾರತ ಸೇರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು.

ಒಂದು ಹನಿಯೂ ಸೋರದೆಂದೇ ನಂಬೋಣ. ಉರಿಸಿದ ಅನಿಲವೆಲ್ಲ ಇಂಗಾಲದ ಡೈಆಕ್ಸೈಡಾಗಿ ಆಕಾಶ ಸೇರುತ್ತದಲ್ಲ! ಹೈಡ್ರೇಟಿನ ವಾಣಿಜ್ಯ ಉತ್ಪಾದನೆ ಜಗತ್ತಿನಲ್ಲೆಲ್ಲೂ ಆರಂಭವಾಗಿಲ್ಲ. ಇಂದು ಹೂಡಿದ ಹಣ ಫಲ ಕೊಡುವ ವೇಳೆಗೆ, ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸಲು ನಾವೇ ಇಟ್ಟುಕೊಂಡ 2070ರ ಗಡುವು ಬಹಳ ದೂರವಿರದು. ಸಂಶೋಧನೆ ನಡೆಯಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಗೋದಾವರಿಯ ಮುಖಜದಾಚೆ ಪ್ರಾಯೋಗಿಕ ಉತ್ಪಾದನೆಗೆ ಅನುಮತಿ ನೀಡುವ ಮುನ್ನ, ಅಲ್ಲಿನ ತಳದ ಸ್ಥಿರತೆ ಮತ್ತು ಈಗಾಗಲೇ ಸಹಜವಾಗಿ ಒಸರುತ್ತಿರುವ ಮೀಥೇನಿನ ಪ್ರಮಾಣವನ್ನು ಹಲವು ವರ್ಷ ಅಳೆದು, ಆ ಅಂಕಿಅಂಶಗಳನ್ನು ಆಂಧ್ರದ ಮೀನುಗಾರರಿಗೂ ತಿಳಿಯುವಂತೆ ಸರ್ಕಾರ ತೆಲುಗಿನಲ್ಲಿ ಪ್ರಕಟಿಸಲಿ.