ಹದಿನೈದು ಸಾಲೋ, ಒಂದೇ ಸಾಲೋ?

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಮೊದಲ ದಿನ ಕೊಡೋ ಪಾಸ್‌ವರ್ಡ್‌ಗಾಗಿ ಎರಡು ವರ್ಷದ ಹಿಂದೆ ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಹದಿನೈದು ಸಾಲು. ಖಾಲಿ ಸ್ಟ್ರಿಂಗ್, ಒಂದು ಫಾರ್ ಲೂಪ್, ಸುತ್ತಿಗೊಂದು ಅಕ್ಷರ. ಯಾರು ಓದಿದರೂ ಅರ್ಥ ಆಗಬೇಕು ಅನ್ನೋದು ನನ್ನ ವಾದ.

ಕಳೆದ ವಾರ ಟೀಮಿನ ಹೊಸ ಹುಡುಗ ಅದನ್ನು ನೋಡಿ ನಕ್ಕ. "ಅಕ್ಕಾ, ಇಷ್ಟಕ್ಕೆ ಇಷ್ಟುದ್ದನಾ?" ಅಂತ ಲೂಪನ್ನು ಜಾಯಿನ್ ಒಳಗೆ ಮಡಚಿ ಒಂದೇ ಸಾಲು ಮಾಡಿಟ್ಟ. ಚೆನ್ನಾಗೇ ಇತ್ತು, ಒಪ್ಪಿಕೊಳ್ಳೋಕೆ ಮನಸ್ಸು ಬರಲಿಲ್ಲ. ಟೀ ಹೊತ್ತಿನ ತನಕ ಜಗಳ ನಡೀತು.

ಅಷ್ಟರಲ್ಲಿ ಎಚ್‌ಆರ್ ಮೆಸೇಜ್: ಇವತ್ತು ಸೇರಿದ ಇಬ್ಬರಿಗೂ ಒಂದೇ ಪಾಸ್‌ವರ್ಡ್ ಬಂದಿದೆ!

ತಪ್ಪು ಲೂಪಿನಲ್ಲಿರಲಿಲ್ಲ. ಅದಕ್ಕೂ ಮೇಲೆ, ಗಡಿಯಾರದ ಸೆಕೆಂಡನ್ನು ಸೀಡ್ ಆಗಿ ಕೊಡೋ ಸಾಲೊಂದಿತ್ತು. ಬರೆದವಳು ನಾನೇ. ಅವನ ಆವೃತ್ತಿಯಲ್ಲೂ ಅದು ಹಾಗೇ ಉಳಿದಿತ್ತು. ಪೈಥಾನಿನ ರ‍್ಯಾಂಡಮ್ ಒಂದು ಲೆಕ್ಕಾಚಾರ ಅಷ್ಟೆ. ಸೀಡ್ ಒಂದೇ ಆದರೆ ಬರೋ ಅಕ್ಷರಗಳೂ ಅವೇ. ಸ್ಕ್ರಿಪ್ಟ್ ಒಂದೇ ಸೆಕೆಂಡಿನಲ್ಲಿ ಎರಡು ಸಲ ಓಡಿತ್ತು.

ಬೆವರಿದ್ದು ಆಮೇಲೆ. ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ ಸೇರಿ 62. ಅವುಗಳಿಂದ 12 ಸ್ಥಾನ ತುಂಬಿಸಿದರೆ ಸಾಧ್ಯತೆಗಳ ಲೆಕ್ಕ 22 ಅಂಕಿಯ ಸಂಖ್ಯೆ. ಆದರೆ ನನ್ನ ಸ್ಕ್ರಿಪ್ಟ್ ಕೈಗೆ ಸಿಕ್ಕಿ, ಪಾಸ್‌ವರ್ಡ್ ಯಾವ ದಿನದ್ದು ಅಂತ ಗೊತ್ತಿರುವವನು ಪ್ರಯತ್ನಿಸಬೇಕಾದ್ದು ಬರೀ 86,400. ದಿನಕ್ಕಿರೋ ಸೆಕೆಂಡುಗಳೇ ಅಷ್ಟು.

"ಸೀಡ್ ತೆಗೆದುಬಿಟ್ರೆ ಸಾಕಲ್ವಾ ಅಕ್ಕಾ?" ಅಂದ. ಸಾಲದು. ರ‍್ಯಾಂಡಮ್ ಹಿಂದಿರೋದು ಮರ್ಸೆನ್ ಟ್ವಿಸ್ಟರ್. ಅದರ 32 ಬಿಟ್‌ನ 624 ಸಂಖ್ಯೆಗಳನ್ನು ಸಾಲಾಗಿ ನೋಡಿದವರು ಮುಂದಿನದ್ದನ್ನು ಲೆಕ್ಕ ಹಾಕಿ ಹೇಳಬಹುದು. ಆಟಕ್ಕೆ, ಸಿಮ್ಯುಲೇಷನ್‌ಗೆ ಅದು ಸರಿ. ಪಾಸ್‌ವರ್ಡ್‌ಗೆ ಅಂತಲೇ 2016ರಲ್ಲಿ ಬಂದ ಪೈಥಾನ್ 3.6ರಿಂದ ಸೀಕ್ರೆಟ್ಸ್ ಅನ್ನೋ ಮಾಡ್ಯೂಲ್ ಇದೆ. ಅದು ಆಪರೇಟಿಂಗ್ ಸಿಸ್ಟಮ್‌ನಿಂದಲೇ ಯಾದೃಚ್ಛಿಕತೆ ತರುತ್ತದೆ.

ಈಗ ಸ್ಕ್ರಿಪ್ಟ್ ನಾಲ್ಕು ಸಾಲು. ಅವನ ಜಾಯಿನ್ ಉಳಿಯಿತು, ಹೆಸರುಗಳು ನಾನಿಟ್ಟವು. ಎರಡು ವರ್ಷದಲ್ಲಿ ಕೊಟ್ಟ ಪಾಸ್‌ವರ್ಡ್‌ಗಳಲ್ಲಿ ಇನ್ನೂ ಬದಲಾಗದವನ್ನೆಲ್ಲ ಹುಡುಕಿ ಬದಲಿಸೋಕೆ ಶುಕ್ರವಾರ ರಾತ್ರಿ ಒಂಬತ್ತಾಯಿತು. ಬೇಡ ಅಂದರೂ ಅವನೂ ಕೂತಿದ್ದ.

ನಿಮ್ಮ ಹಳೇ ಫೋಲ್ಡರಿನಲ್ಲೂ ಇಂಥದ್ದೊಂದು ಇದ್ದೀತು. ಎಷ್ಟು ಸಾಲಿದೆ ಅಂತ ಆಮೇಲೆ ಎಣಿಸಿ, ಮೊದಲು ಇಂಪೋರ್ಟ್ ಸಾಲು ನೋಡಿ.