ಚಲಿಸುವ ಮನೆಯ ದೀಪ

ಅರಸೀಕೆರೆಯ ಭಕ್ತರೊಬ್ಬರು ನಮಗೆ ಬರೆದ ಪತ್ರದಲ್ಲಿ ಒಂದು ಸಂಕಟವನ್ನು ತೋಡಿಕೊಂಡಿದ್ದಾರೆ. ವಯಸ್ಸಾದ ತಂದೆತಾಯಿಗಳನ್ನು ಕೂಡಲಸಂಗಮ, ಉಳವಿ, ಬಸವಕಲ್ಯಾಣಗಳಿಗೆ ಕರೆದೊಯ್ಯುವ ಹಂಬಲದಿಂದ ಅವರು ಮಂಚ, ಅಡುಗೆಯ ಕಟ್ಟೆ, ದೀಪ, ಫ್ಯಾನುಗಳನ್ನು ಅಳವಡಿಸಿದ್ದ ಹಳೆಯ ವ್ಯಾನೊಂದನ್ನು ಕೊಂಡರು. ಕೊಬ್ಬರಿ ಗೋದಾಮಿನಲ್ಲಿ ನಾಲ್ಕು ತಿಂಗಳು ನಿಂತಿದ್ದ ಆ ವಾಹನದಲ್ಲಿ ಮೊದಲ ಪ್ರಯಾಣ ಹತ್ತಿರದ್ದೇ ಆಗಲೆಂದು ಬಾಣಾವರ, ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಹೊರಟರು. ಹಗಲು ಏನೂ ತೊಂದರೆ ಕಾಣಲಿಲ್ಲ. ಹಗಲಿನಲ್ಲಿ ದೀಪ ಹಚ್ಚುವವರಾದರೂ ಯಾರು? ಸಂಜೆ ಹಳೇಬೀಡಿನಲ್ಲಿ ದೀಪಗಳು ಮಂಕಾದವು. ಮರುದಿನ ಬೇಲೂರಿನಲ್ಲಿ ಮಳೆ ಹಿಡಿದ ರಾತ್ರಿ ಫ್ಯಾನು ನಿಂತಿತು. ಫ್ಯೂಸು ಸುಟ್ಟಿದೆಯೆಂದು ಚಾಲಕ ಅದರ ಜಾಗಕ್ಕೆ ತಂತಿಯ ಎಳೆಯನ್ನು ಸುತ್ತಿದ. ಬೆಳಗಿನ ಜಾವ ಬಾಗಿಲಿನ ಹಿಡಿಕೆ ಮುಟ್ಟಿದ ತಾಯಿಯವರ ಕೈ ಜುಮ್ಮೆಂದಿತು. ಊರಿಗೆ ಮರಳಿ ಹೊಸ ಬ್ಯಾಟರಿ ಹಾಕಿಸಿದರೂ ದೀಪದ ಮಂಕು ಹೋಗಲಿಲ್ಲ. ವಾಹನವನ್ನು ಮಾರಿಬಿಡುವುದೇ ಲೇಸೇ ಎಂದು ಕೇಳಿದ್ದಾರೆ.

ಮಾರಬೇಕಾಗಿಲ್ಲ. ಆದರೆ ಆ ತಂತಿಯ ಎಳೆಯನ್ನು ಈ ಪತ್ರಿಕೆ ಕೈಗೆ ಬಂದ ದಿನವೇ ಕಿತ್ತೆಸೆಯಬೇಕು. ಹಿಡಿಕೆಯ ದೋಷ ತೀರುವವರೆಗೆ ಹಿರಿಯರನ್ನು ಅದರಲ್ಲಿ ಮಲಗಿಸಕೂಡದು.

ಧರ್ಮಪತ್ರಿಕೆಯಲ್ಲಿ ಬ್ಯಾಟರಿಯ ವಿಚಾರವೇಕೆಂದು ಕೆಲವರು ಹುಬ್ಬೇರಿಸಬಹುದು. ಕಾಯಕದಲ್ಲಿ ಮೇಲುಕೀಳೆಣಿಸದ ಶರಣರ ಹಾದಿಯಲ್ಲಿ ತಂತಿ ಬಿಗಿಯುವ ಕೆಲಸಕ್ಕೂ ಸ್ಥಾನವುಂಟು. ನಾವು ಮಠದಲ್ಲಿ ವ್ಯಾಸಂಗ ಮಾಡುತ್ತಿದ್ದ ಕಾಲದಲ್ಲಿ ಜಾತ್ರೆಯ ಧ್ವನಿವರ್ಧಕವೂ ಅದರ ಬ್ಯಾಟರಿಯೂ ನಮ್ಮ ಪಾಲಿನ ಸೇವೆಯಾಗಿದ್ದವು. ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ನೆರೆಯ ಕೇರಳ ಸರ್ಕಾರ 2021ರಲ್ಲಿ ಇಂತಹ ವಾಹನಗಳಿಗಾಗಿಯೇ ಪ್ರವಾಸ ಯೋಜನೆಯೊಂದನ್ನು ತಂದಿದೆ. ಮುಂದೆ ಇಂಥ ಪತ್ರಗಳು ಇನ್ನೂ ಬರುವುವೆಂದೇ ನಮ್ಮ ಎಣಿಕೆ.

ಮನೆಯಾದ ವಾಹನದಲ್ಲಿ ಎರಡು ಬಗೆಯ ವಿದ್ಯುತ್ತು ಇರುವುದನ್ನು ಮೊದಲು ತಿಳಿಯಬೇಕು. ಬ್ಯಾಟರಿಯದು 12 ವೋಲ್ಟಿನದು; ಹೊರಗಿನ ಪ್ಲಗ್ಗಿನಿಂದಲೋ ಇನ್ವರ್ಟರಿನಿಂದಲೋ ಬರುವುದು 230 ವೋಲ್ಟಿನದು. ಮೊದಲನೆಯದು ಸಾಮಾನ್ಯವಾಗಿ ಮೈಗೆ ತಗುಲಿದರೆ ಕೊಲ್ಲುವುದಿಲ್ಲ, ಆದರೆ ಬೆಂಕಿ ಹಚ್ಚಬಲ್ಲುದು. ಎರಡನೆಯದು ಎರಡನ್ನೂ ಮಾಡಬಲ್ಲುದು. ಬ್ಯಾಟರಿಗಳೂ ಹಲವು ವಾಹನಗಳಲ್ಲಿ ಎರಡಿರುತ್ತವೆ: ಇಂಜಿನ್ನಿಗೆ ಒಂದು, ಮನೆಗೆ ಒಂದು. ಇವೆರಡನ್ನು ಕೂಡಿಸಿ ಬಿಡಿಸುವ ರಿಲೇ ಕೆಟ್ಟರೆ, ನೂರು ಮೈಲಿ ಓಡಿದರೂ ಮನೆಯ ಬ್ಯಾಟರಿ ಉಪವಾಸವೇ.

ಮಂಕು ದೀಪ ಕಂಡೊಡನೆ ಬ್ಯಾಟರಿಯನ್ನು ದೂರುವುದು ರೂಢಿ. ಬ್ಯಾಟರಿ ಮಾರುವವರಿಗೂ ಅದೇ ಹಿತ. ಕೆಲವೇ ನೂರು ರೂಪಾಯಿಗಳ ಮಲ್ಟಿಮೀಟರು ಕೈಯಲ್ಲಿದ್ದರೆ ಈ ವೆಚ್ಚ ತಪ್ಪುತ್ತದೆ. ಇಂಜಿನ್ ನಿಲ್ಲಿಸಿ ಕೆಲವು ಗಂಟೆ ವಿಶ್ರಾಂತಿ ಪಡೆದ ಸೀಸದ ಬ್ಯಾಟರಿ ತುಂಬಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಬಂದರೆ ಅರ್ಧ ಬರಿದಾಗಿದೆ, 11.8ಕ್ಕಿಂತ ಇಳಿದರೆ ಬರಿದೇ ಆಗಿದೆ. ಇಂಜಿನ್ ಓಡುತ್ತಿರುವಾಗ ಎರಡೂ ಬ್ಯಾಟರಿಗಳ ಮೇಲೆ 14ರ ಆಸುಪಾಸು ಕಾಣಬೇಕು. ಇಂಜಿನ್ನಿನ ಬ್ಯಾಟರಿಯಲ್ಲಿ ಮಾತ್ರ ಕಂಡು ಮನೆಯದರಲ್ಲಿ ಕಾಣದಿದ್ದರೆ ರಿಲೇಯನ್ನೂ ಅದರ ಫ್ಯೂಸನ್ನೂ ಹುಡುಕಬೇಕು.

ಎರಡೂ ಸರಿಯಿದ್ದು ದೀಪ ಮಾತ್ರ ಮಂಕಾಗಿದ್ದರೆ, ದೋಷ ಬಹುತೇಕ ಹಿಂದಿರುಗುವ ದಾರಿಯಲ್ಲಿರುತ್ತದೆ. ವಾಹನಗಳಲ್ಲಿ ವಿದ್ಯುತ್ತು ದೀಪಕ್ಕೆ ತಂತಿಯ ಮೂಲಕ ಹೋಗಿ ಸಾಮಾನ್ಯವಾಗಿ ವಾಹನದ ಕಬ್ಬಿಣದ ಮೈಯ ಮೂಲಕ ಮರಳುತ್ತದೆ. ಮೆಕ್ಯಾನಿಕ್ಕರು ಇದನ್ನು ಅರ್ಥ್ ಎನ್ನುತ್ತಾರೆ. ಆ ಕಬ್ಬಿಣಕ್ಕೆ ತಂತಿಯನ್ನು ಬಿಗಿದಿರುವ ಬೋಲ್ಟಿನಲ್ಲಿ ತುಕ್ಕು, ಬಣ್ಣ, ಹಸಿರು ಕಿಲುಬು ಸೇರಿದರೆ ದಾರಿ ಕಿರಿದಾಗುತ್ತದೆ. ದೀಪವನ್ನು ಉರಿಸಿಟ್ಟುಕೊಂಡೇ ಬ್ಯಾಟರಿಯ ಋಣ ಕಂಬಕ್ಕೂ ದೀಪದ ಋಣ ತುದಿಗೂ ಮೀಟರಿನ ಎರಡು ಕಡ್ಡಿ ಮುಟ್ಟಿಸಿ. ಸೊನ್ನೆಯ ಹತ್ತಿರ ಇರಬೇಕಾದಲ್ಲಿ ಅರ್ಧ ವೋಲ್ಟೋ ಒಂದು ವೋಲ್ಟೋ ಕಂಡರೆ ಕಳ್ಳ ಸಿಕ್ಕಿದ. ದೀಪ ಆರಿಸಿ ಅಳೆದರೆ ಎಲ್ಲವೂ ಸರಿಯಾಗಿಯೇ ತೋರುತ್ತದೆ. ಹೊರೆ ಹೊತ್ತಾಗಲೇ ಬೆನ್ನಿನ ಬಲ ತಿಳಿಯುವುದು. ಬೋಲ್ಟನ್ನು ಬಿಚ್ಚುವ ಮುನ್ನ ಬ್ಯಾಟರಿಯ ಋಣ ತಂತಿಯನ್ನು ಮೊದಲು ತೆಗೆದು, ಉಜ್ಜಿ ಹೊಳಪು ಮಾಡಿ ಬಿಗಿದ ಮೇಲೆ ಅದನ್ನು ಕೊನೆಯಲ್ಲಿ ಸೇರಿಸಿ. ಹಳೇಬೀಡಿನ ನಂದಿಗಳು ಎಂಟು ಶತಮಾನಗಳಿಂದ ಒಂದೇ ಕಡೆ ಕುಳಿತಿವೆ, ಅವಕ್ಕೆ ಈ ತೊಂದರೆಯಿಲ್ಲ. ಅಲುಗಾಡುವ ವಾಹನದಲ್ಲಿ ಬೋಲ್ಟು ಸಡಿಲವಾಗುವುದು ಸಹಜ.

ಇನ್ನು ಫ್ಯೂಸು. ಕೊಬ್ಬರಿ ಇದ್ದಲ್ಲಿ ಇಲಿ ಇರುವುದು ನಮ್ಮ ಸೀಮೆಯವರಿಗೆ ಹೇಳಬೇಕಾದ ಮಾತಲ್ಲ. ನಾಲ್ಕು ತಿಂಗಳು ಗೋದಾಮಿನಲ್ಲಿ ನಿಂತ ವಾಹನದ ಫ್ಯಾನಿನ ತಂತಿಯ ಹೊದಿಕೆಯನ್ನು ಇಲಿ ಕಡಿದಿರುವ ಸಂಭವವೇ ಹೆಚ್ಚು. ಒಣಹವೆಯ ಅರಸೀಕೆರೆಯಲ್ಲಿ ಸುಮ್ಮನಿದ್ದ ಆ ಗಾಯ ಮಲೆನಾಡಿನ ಅಂಚಿನ ಬೇಲೂರಿನ ಮಳೆಯ ನೀರು ಸೋರಿದಾಗ ಎಚ್ಚೆತ್ತಿರಬೇಕು. ಫ್ಯೂಸು ತಾನು ಸುಟ್ಟು ವಾಹನವನ್ನು ಉಳಿಸಿತು. 10 ಆಂಪಿಯರಿನ ಫ್ಯೂಸಿನ ಜಾಗದಲ್ಲಿ ದಪ್ಪ ಎಳೆ ಕುಳಿತರೆ, ಮುಂದಿನ ಬಾರಿ ಸುಡುವುದು ಗೋಡೆಯೊಳಗಿನ ತಂತಿ, ಅದರ ಪಕ್ಕದ ಹಲಗೆ, ಹಲಗೆಗೆ ಒರಗಿಸಿದ ಹಾಸಿಗೆ. ಫ್ಯೂಸು ಎರಡನೆಯ ಸಲವೂ ಹೋದರೆ ಮೂರನೆಯದನ್ನು ಹಾಕದೆ ತಂತಿಯುದ್ದಕ್ಕೂ ಕೈಯಾಡಿಸಿ ಹುಡುಕಿಸಿ.

ಹಿಡಿಕೆಯ ಜುಮ್ಮು ಎಲ್ಲಕ್ಕಿಂತ ಘೋರವಾದದ್ದು. ತಂಗಿದ್ದ ಮನೆಯ ಪ್ಲಗ್ಗಿನಿಂದ ಎರಡೆಳೆಯ ತಂತಿ ಎಳೆದು ಚಾರ್ಜಿಗೆ ಹಾಕಿದ್ದೆವೆಂದು ಪತ್ರದ ಕೊನೆಯಲ್ಲಿ ಹೇಗೋ ಒಂದು ಮಾತು ಬಂದಿದೆ. ಅದು ಮೊದಲ ಸಾಲಿನಲ್ಲಿರಬೇಕಾಗಿತ್ತು. ವಾಹನ ರಬ್ಬರಿನ ಚಕ್ರಗಳ ಮೇಲೆ ನಿಂತಿದೆ. ಒಳಗೆಲ್ಲೋ 230 ವೋಲ್ಟಿನ ತಂತಿ ಮೈಗೆ ತಗುಲಿದರೆ, ಮೂರನೆಯ ಎಳೆಯಿಲ್ಲದಾಗ ಆ ವಿದ್ಯುತ್ತಿಗೆ ನೆಲ ಸೇರಲು ದಾರಿಯಿರದು. ಒಳಗಿರುವವರಿಗೆ ಏನೂ ತಿಳಿಯದು. ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ಹಿಡಿಕೆ ಹಿಡಿದವರ ದೇಹವೇ ಆ ದಾರಿಯಾಗುತ್ತದೆ. ದೇವಾಲಯಕ್ಕೆ ಹೋಗಿಬರುವ ಹಿರಿಯರು ಬರಿಗಾಲಿನವರೇ ಅಲ್ಲವೆ? ಆದುದರಿಂದ ಮೂರು ಎಳೆಯ ತಂತಿ, ಮೂರು ಕಾಲಿನ ಪ್ಲಗ್ಗು, ನಿಜವಾಗಿ ಭೂಮಿಗೆ ಸೇರಿದ ಅರ್ಥ್ ಇರುವ ಸಾಕೆಟ್ಟು, ಈ ಮೂರೂ ಇಲ್ಲದ ಕಡೆ ಹೊರಗಿನ ವಿದ್ಯುತ್ತು ಬೇಡ. ರಾತ್ರಿ ಕತ್ತಲಲ್ಲೇ ಕಳೆಯಲಿ. ಅನುಮತಿ ಪಡೆದ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಆ 230 ವೋಲ್ಟಿನ ತಂತಿಗಳನ್ನು ಪರೀಕ್ಷಿಸಿ, ವಾಹನದ ಒಳಗೆ ವಿದ್ಯುತ್ತು ಬರುವ ಮೊದಲ ಜಾಗದಲ್ಲೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಅದರ ಮೇಲೆ ಪರೀಕ್ಷೆಯ ಗುಂಡಿಯಿರುತ್ತದೆ. ಹೊರಗಿನ ವಿದ್ಯುತ್ತು ಬಂದಿರುವಾಗ ತಿಂಗಳಿಗೊಮ್ಮೆ, ಪ್ರತಿ ಯಾತ್ರೆಗೆ ಮುನ್ನ ಒಮ್ಮೆ ಅದನ್ನು ಒತ್ತಿ ನೋಡಿ. ಒತ್ತಿದಾಗ ಸನ್ನೆ ಕೆಳಗೆ ಬೀಳದಿದ್ದರೆ ಅಂದೇ ಬದಲಾಯಿಸಿ.